ಅಳಿಯ ಮನೆಗೆ ಬಂದರೂ ಸಿ ಫಾರ್ಮ್: ಕುಮಟಾದಿಂದ ನನ್ನ ಅನುಭವ

ಕುಮಟಾದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಝೆರಾಕ್ಸ್, ಪಹಣಿ, ರೈಲು ಟಿಕೆಟ್, ಆಧಾರ್ ಅರ್ಜಿ, ಇಂಥವೇ ಕೆಲಸ. ಗೋಕರ್ಣ ನಮ್ಮ ತಾಲೂಕಿಗೇ ಸೇರಿದ್ದರಿಂದ ವಿದೇಶಿಯರ ಕಾಗದಪತ್ರದ ಕೆಲಸವೂ ತಾನಾಗಿ ಬಂದು ಸೇರಿಕೊಂಡಿತು. ಕುಡ್ಲೆ, ಓಂ ಬೀಚ್ ಕಡೆ ನಾಲ್ಕೈದು ರೂಮು ಇಟ್ಟುಕೊಂಡವರಿಗೆ ಅತಿಥಿಗಳ ವಿವರ ತುಂಬಿಕೊಡುವುದು, ವೀಸಾ ಅರ್ಜಿಗೆ ದಾಖಲೆ ಜೋಡಿಸಿಕೊಡುವುದು. ಆಮೇಲೆ ನನ್ನ ತಂಗಿ ಒಬ್ಬ ಜರ್ಮನಿಯವರನ್ನು ಮದುವೆಯಾದಳು. ಅಲ್ಲಿಗೆ ಅಂಗಡಿಯ ಕೆಲಸ ಮನೆಯೊಳಗೂ ಬಂತು.

‘ಇಮಿಗ್ರೇಶನ್‌ನವರು ತುಂಬಾ ಕಾಡಿಸ್ತಾರಂತೆ ಹೌದಾ?’ ಅಂತ ಜನ ಕೇಳುತ್ತಾರೆ. ನಾನು ಕಂಡ ಮಟ್ಟಿಗೆ ಅವರಿಗೆ ನಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಸಮಯವಂತೂ ಇಲ್ಲವೇ ಇಲ್ಲ. ನೋಡುವುದು ಮೂರು: ತಾರೀಕು, ವಿಳಾಸ, ಹೆಸರಿನ ಸ್ಪೆಲಿಂಗು. ಈ ಮೂರೂ ಎಲ್ಲ ಕಾಗದದಲ್ಲಿ ಒಂದೇ ಥರ ಇದ್ದರೆ ತಲೆ ಎತ್ತಿಯೂ ನೋಡುವುದಿಲ್ಲ. ಒಂದು ತಪ್ಪಿದರೂ ನೀವು ಬಾಯಿ ಬಿಟ್ಟಷ್ಟೂ ಪ್ರಶ್ನೆ ಜಾಸ್ತಿ ಆಗುತ್ತವೆ.

ಮೊದಲು ಸಿ ಫಾರ್ಮ್ ವಿಷಯ. ವಿದೇಶಿಯರು ಬಂದು ಉಳಿದುಕೊಂಡರೆ ಜಾಗ ಕೊಟ್ಟವರು ಅದನ್ನು ಈ ಫಾರ್ಮಿನಲ್ಲಿ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಮೊದಲು 1946ರ ವಿದೇಶಿಯರ ಕಾಯ್ದೆಯ ಕೆಳಗೆ ಇದು ನಡೆಯುತ್ತಿತ್ತು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದು ಹಳೆಯ ನಾಲ್ಕು ಕಾಯ್ದೆಗಳು ಹೋದವು. 24 ಗಂಟೆಯ ಲೆಕ್ಕ ಹಾಗೇ ಇದೆ, ಊರಿನವರ ಬಾಯಲ್ಲಿ ಸಿ ಫಾರ್ಮ್ ಅನ್ನುವ ಹೆಸರೂ ಹಾಗೇ ಇದೆ. ಗೋವಾದ ಪಾಳೋಲೆಮ್‌ನಲ್ಲಿ ನಿನ್ನೆ ಫಾರ್ಮ್ ಆಗಿದ್ದರೂ ಇವತ್ತು ಗೋಕರ್ಣಕ್ಕೆ ಬಂದರೆ ಹೊಸದಾಗಿ ಆಗಬೇಕು. ಗೋವಾ ಗಡಿಯ ಮಾಜಾಳಿ ಗೇಟಿನಲ್ಲಿ ಹುಡುಕುವುದು ಬಾಟಲಿ, ಪಾಸ್‌ಪೋರ್ಟ್ ಅಲ್ಲ. ಹಾಗಾಗಿ ಯಾರು ಎಲ್ಲಿದ್ದಾರೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ರೂಮು ಕೊಟ್ಟವರಿಂದಲೇ.

ಇದು ಹೋಟೆಲಿನವರಿಗೆ ಮಾತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಮನೆಗೆ ಬಂದ ನೆಂಟರಿಗೂ ಇದೇ ನಿಯಮ. ಭಾವ ಮೊದಲ ಸಲ ನಮ್ಮ ಮನೆಯಲ್ಲಿ ಉಳಿಯುವುದಕ್ಕೆ ಮುಂಚೆಯೇ ನಾನು ಮನೆಯನ್ನು ಸಿ ಫಾರ್ಮ್ ತುಂಬುವ ವೆಬ್‌ಸೈಟಿನಲ್ಲಿ ಖಾಸಗಿ ಮನೆ ಅಂತ ನೋಂದಣಿ ಮಾಡಿದ್ದೆ. ಅಮ್ಮನಿಗೆ ಇದು ಇವತ್ತಿಗೂ ಸರಿ ಬಂದಿಲ್ಲ. ‘ಅಳಿಯ ಮನೆಗೆ ಬಂದದ್ದನ್ನ ಪೊಲೀಸರಿಗೆ ಯಾಕೆ ಹೇಳಬೇಕು ಮಾರಾಯಾ? ಕಳ್ಳನಾ ಅವನು?’ ಅಂತ ಪ್ರತಿ ಸಲ ಕೇಳುತ್ತಾಳೆ. ಆದರೆ ಮುಂದೆ ವೀಸಾ ವಿಸ್ತರಣೆಗೋ ನೋಂದಣಿಗೋ ಅರ್ಜಿ ಹಾಕುವಾಗ ಆ ಫಾರ್ಮಿನ ಪ್ರತಿಯೇ ವಿಳಾಸಕ್ಕೆ ಆಧಾರ. ಅದಿಲ್ಲದಿದ್ದರೆ ಮನುಷ್ಯ ಭಾರತದಲ್ಲಿದ್ದೂ ಎಲ್ಲೂ ಇಲ್ಲದ ಹಾಗೆ.

ಸ್ಪೆಲಿಂಗಿನ ಕಥೆ ಇನ್ನೂ ಚೆನ್ನಾಗಿದೆ. ಭಾವನ ಅಡ್ಡಹೆಸರಿನಲ್ಲಿ ಯು ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇದೆ. ಪಾಸ್‌ಪೋರ್ಟಿನಲ್ಲಿ ಹೆಸರಿನ ಜಾಗದಲ್ಲಿ ಚುಕ್ಕಿ ಸಮೇತ ಅಚ್ಚಾಗಿದೆ. ಅದೇ ಪುಟದ ತಳದಲ್ಲಿ, ಯಂತ್ರ ಓದುವ ಎರಡು ಉದ್ದ ಸಾಲುಗಳಲ್ಲಿ, ಅದೇ ಅಕ್ಷರ ಯು ಮತ್ತು ಇ ಅಂತ ಎರಡಾಗಿದೆ. ನಮ್ಮ ಕೀಬೋರ್ಡಿನಲ್ಲಿ ಚುಕ್ಕಿ ಇಲ್ಲ ಅಂತ ಬರೀ ಯು ಹೊಡೆದರೆ ಮೂರನೇ ಸ್ಪೆಲಿಂಗ್ ಹುಟ್ಟಿಕೊಳ್ಳುತ್ತದೆ. ನನ್ನ ಪದ್ಧತಿ ಇಷ್ಟೇ: ಟಿಕೆಟ್, ವೀಸಾ, ಸಿ ಫಾರ್ಮ್, ಮದುವೆ ಅರ್ಜಿ, ಎಲ್ಲ ಕಡೆ ತಳದ ಸಾಲಿನಲ್ಲಿ ಇದ್ದದ್ದನ್ನೇ ಬರೆಯುವುದು. ನಮ್ಮ ಕಡೆಯ ಗೊಂದಲವೇನೂ ಕಡಿಮೆ ಅಲ್ಲ. ನಾಯ್ಕ ಅನ್ನುವ ಹೆಸರು ತಂಗಿಯ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಕೊನೆಗೊಂದು ಎ ಸೇರಿಕೊಂಡು ಇನ್ನೊಂದು ಥರ, ಅಪ್ಪನ ಬ್ಯಾಂಕ್ ಪುಸ್ತಕದಲ್ಲಿ ನಾಯಕ್. ಮದುವೆ ಅರ್ಜಿ ಕೊಡುವ ಮೊದಲೇ ಆಧಾರನ್ನು ಪಾಸ್‌ಪೋರ್ಟಿಗೆ ಹೊಂದಿಸಿದೆವು. ಮದುವೆ ಸರ್ಟಿಫಿಕೇಟ್ ಒಮ್ಮೆ ಅಚ್ಚಾದ ಮೇಲೆ ತಿದ್ದಿಸಲು ಓಡಾಡುವುದು ಯಾರಿಗೂ ಬೇಡ.

ಇನ್ನು ತಾರೀಕು. ಗೋಕರ್ಣಕ್ಕೆ ಬರುವವರ ಹತ್ತಿರ ಇರುವುದು ಹೆಚ್ಚಾಗಿ ಇ-ಟೂರಿಸ್ಟ್ ವೀಸಾ. 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಅಂತ ಮೂರು ಬಗೆ. ಐದು ವರ್ಷದ್ದು ಇದ್ದವರು ಐದು ವರ್ಷ ಇಲ್ಲೇ ಕೂರಬಹುದು ಅಂದುಕೊಳ್ಳುತ್ತಾರೆ! ಹಾಗಲ್ಲ. ಒಂದು ಸಲ ಬಂದರೆ ಬಹಳಷ್ಟು ದೇಶದವರಿಗೆ ಒಟ್ಟಿಗೆ 90 ದಿನ ಮಾತ್ರ. ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರಿಗೆ 180. ವೀಸಾದಲ್ಲಿ ಅಚ್ಚಾದ ಕೊನೆಯ ತಾರೀಕು ಬೇರೆ, ಹೊರಡಬೇಕಾದ ತಾರೀಕು ಬೇರೆ. ವಿಮಾನ ನಿಲ್ದಾಣದ ಸೀಲಿನ ತಾರೀಕನ್ನೇ ಮೊದಲ ದಿನ ಅಂತ ಹಿಡಿದು ಕ್ಯಾಲೆಂಡರ್ ನೋಡಿ ಎಣಿಸಿ, ಹೊರಡುವ ದಿನವನ್ನು ಝೆರಾಕ್ಸ್ ಪ್ರತಿಯ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಬೀಚಿನಲ್ಲಿ ಕೂತವರಿಗೆ ವಾರ ಯಾವುದು ಅಂತಲೂ ಗೊತ್ತಿರುವುದಿಲ್ಲ, ಅಲ್ವಾ?

ಅವಧಿ ಮೀರಿದರೆ ಸುಮ್ನೆ ವಿಮಾನ ಹತ್ತಿ ಹೋಗುವ ಹಾಗಿಲ್ಲ. ಎಕ್ಸಿಟ್ ಪರ್ಮಿಟ್ ಬೇಕು, ದಂಡ ಕಟ್ಟಬೇಕು. ಹೊಸ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ ಹಾಕುವುದಕ್ಕೂ ದಾರಿ ಇದೆ. 2025ರ ಜುಲೈನಲ್ಲಿ ರಾಮತೀರ್ಥದ ಗುಡ್ಡದ ಗುಹೆಯಲ್ಲಿ ವೀಸಾ ಮುಗಿದ ವಿದೇಶಿ ಮಹಿಳೆಯೊಬ್ಬರು ಮಕ್ಕಳ ಜೊತೆ ಸಿಕ್ಕ ಸುದ್ದಿ ದೇಶವೆಲ್ಲ ಓಡಾಡಿತು. ಅದಾದ ಮೇಲೆ, ಅಲ್ಲಿಯವರೆಗೆ ‘ನಾಳೆ ಮಾಡುವಾ’ ಅನ್ನುತ್ತಿದ್ದ ರೂಮಿನವರೂ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡತೊಡಗಿದರು.

ನನಗೆ ಕಿರಿಕಿರಿ ಆಗುವುದು ‘ವಾಲಂಟಿಯರ್’ ವಿಷಯದಲ್ಲಿ. ರೂಮಿನ ಮಾಲೀಕರು ವಿದೇಶಿ ಹುಡುಗಿಯೊಬ್ಬಳಿಗೆ ಊಟ, ಹಾಸಿಗೆ ಕೊಟ್ಟು ಕೌಂಟರಿನಲ್ಲಿ ಕೂರಿಸುತ್ತಾರೆ, ಯೋಗ ಹೇಳಿಕೊಡಲು ಬಿಡುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಬಂದವರು ಸಣ್ಣ ಯೋಗ ಶಿಬಿರದಲ್ಲಿ ಕಲಿಯಬಹುದು, ದುಡ್ಡಿಗೆ ಕಲಿಸುವ ಹಾಗಿಲ್ಲ. ಸಿಕ್ಕಿಬಿದ್ದರೆ ಗಡೀಪಾರಾಗುವುದು ಆ ಹುಡುಗಿ. ಮಾಲೀಕರು ಮರುದಿನ ಇನ್ನೊಬ್ಬರನ್ನು ಹುಡುಕುತ್ತಾರೆ. ಅಂಥವರ ಕಾಗದ ನಾನು ಮಾಡುವುದಿಲ್ಲ.

ಕಾರವಾರದ ಕಡೆ ಹೋಗುವವರಿಗೆ ಇನ್ನೊಂದು ಮಾತು ಹೇಳುತ್ತೇನೆ. ಅರ್ಗಾದಲ್ಲಿ ಹೆದ್ದಾರಿಯ ಪಕ್ಕದಲ್ಲೇ ನೌಕಾನೆಲೆ, ಆ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ಕಾರಿನ ಕಿಟಕಿಯಿಂದ ಮೊಬೈಲ್ ಹಿಡಿಯುವುದೂ ಬೇಡ. ಸ್ಯಾಟಲೈಟ್ ಫೋನ್ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಬೆಟ್ಟ ಹತ್ತುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉಪಗ್ರಹ ಸಂದೇಶದ ಪುಟ್ಟ ಯಂತ್ರವೂ ಅದೇ ಲೆಕ್ಕಕ್ಕೆ ಬರುತ್ತದೆ. ಅವರ ದೇಶದಲ್ಲಿ ಅದು ಅಂಗಡಿಯಲ್ಲಿ ಸಿಗುವ ವಸ್ತು, ಇಲ್ಲಿ ಅದಕ್ಕೆ ಠಾಣೆಯಲ್ಲಿ ಉತ್ತರ ಹೇಳಬೇಕು.

ಈಗ ಮದುವೆಗೆ ಬರುತ್ತೇನೆ. ನಾವು ಮಾಡಿದ್ದು 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ. ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಮೊದಲು ಕನಿಷ್ಠ 30 ದಿನ ಅದೇ ಜಿಲ್ಲೆಯಲ್ಲಿ ಇದ್ದಿರಬೇಕು. ತಂಗಿ ಇಲ್ಲಿನ ಶಾಲೆಯ ಟೀಚರ್, ಅದು ಸುಲಭವಾಯಿತು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ಅಂಟಿಸುತ್ತಾರೆ, ಕೊನೆಗೆ ಮೂರು ಸಾಕ್ಷಿ. ಭಾವನಿಗೆ ಅವರ ಊರಿನ ನೋಂದಣಿ ಕಚೇರಿಯಿಂದ ‘ಈತನ ಮದುವೆಗೆ ಕಾನೂನಿನ ಅಡ್ಡಿ ಇಲ್ಲ’ ಅನ್ನುವ ಪತ್ರ ಬೇಕಾಯಿತು. ಅದಕ್ಕೆ ಆರೇ ತಿಂಗಳ ಆಯಸ್ಸು. ಅವರ 90 ದಿನದೊಳಗೆ ಈ 30 ದಿನ ಕೂರಬೇಕು, ಆಮೇಲೆ ಟೂರಿಸ್ಟ್ ವೀಸಾವನ್ನು ಎಕ್ಸ್ ವೀಸಾಕ್ಕೆ, ಅಂದರೆ ಭಾರತೀಯರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾಕ್ಕೆ, ಬದಲಿಸಲು ಅರ್ಜಿಯೂ ಹೋಗಬೇಕು. ಹಾಗಾಗಿ ಅವರು ಬಂದಿಳಿದ ವಾರದಲ್ಲೇ ನೋಟಿಸ್ ಕೊಡಿಸಿದೆ. ಸತ್ಕಾರ, ಊಟ, ನೆಂಟರ ಮನೆ ತಿರುಗಾಟ ಎಲ್ಲ ಆಮೇಲೆ. ಅಮ್ಮನಿಗೆ ಅದೂ ಬೇಸರವೇ.

ಎಕ್ಸ್ ವೀಸಾದ ಅರ್ಜಿ ಇ-ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ. 2018ರಿಂದ ಇದು ಆನ್‌ಲೈನ್ ಆಗಿದೆ, ಕರೆದರೆ ಮಾತ್ರ ಬೆಂಗಳೂರಿಗೆ ಹೋದರಾಯಿತು. ಆದರೆ ಆನ್‌ಲೈನ್ ಅಂದ ಮಾತ್ರಕ್ಕೆ ಮನೆಗೆ ಯಾರೂ ಬರುವುದಿಲ್ಲ ಅಂತಲ್ಲ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದರೆ ಕಾರವಾರದ ಎಸ್‌ಪಿ. ಅಲ್ಲಿಂದ ನಮ್ಮ ಠಾಣೆಗೆ ಕಾಗದ ಬಂದು, ಒಂದು ಮಧ್ಯಾಹ್ನ ಕಾನ್‌ಸ್ಟೇಬಲ್ ಒಬ್ಬರು ಬೈಕಿನಲ್ಲಿ ಬಂದರು. ಜಗಲಿಯಲ್ಲಿ ಕೂತು ಕೋಕಂ ಶರಬತ್ತು ಕುಡಿದು ಫೈಲು ಬಿಚ್ಚಿದರು.

‘ನಾಯ್ಕರೇ, ಇವರು ಇಲ್ಲೇ ಇರ್ತಾರಾ? ಇಬ್ರೂ ಒಟ್ಟಿಗೇ ಇದ್ದಾರಾ?’

ನಾನು ಉತ್ತರ ಕೊಡುವ ಮೊದಲೇ ಅಮ್ಮ ಒಳಗಿಂದ, ‘ಮತ್ತೆ ಗಂಡ ಹೆಂಡತಿ ಬೇರೆ ಬೇರೆ ಇರ್ತಾರಾ? ನಿಮ್ಮನೇಲಿ ಹೇಗೆ?’ ಅಂದಳು.

ಅವರು ನಕ್ಕರು, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಮದುವೆಯ ಫೋಟೊ ಕೇಳಿದರು. ಪಕ್ಕದ ಮನೆಯವರನ್ನು ಕರೆದು ವಿಚಾರಿಸಿದರು. ಭಾವ ತಮ್ಮ ಹರುಕು ಮುರುಕು ಕನ್ನಡದಲ್ಲಿ ‘ಊಟ ಮಾಡಿ ಹೋಗಿ’ ಅಂದದ್ದು ಯಾವ ಕಾಲಮ್ಮಿಗೆ ಸೇರಿತೋ ಗೊತ್ತಿಲ್ಲ. ಪಕ್ಕದ ಮನೆಯವರನ್ನು ಕೇಳಿದ್ದು ತಂಗಿಗೆ ಅವಮಾನ ಅನ್ನಿಸಿತು. ನನಗೆ ಅಷ್ಟು ಅನ್ನಿಸಲಿಲ್ಲ. ಸುಳ್ಳು ಮದುವೆ ಮಾಡಿಕೊಂಡು ವೀಸಾ ತೆಗೆಯುವವರೂ ಇದ್ದಾರೆ, ಕೇಳದೆ ಬಿಟ್ಟರೆ ತನಿಖೆಗೆ ಅರ್ಥವಿಲ್ಲ. ಕೆಲವು ವಾರಗಳ ನಂತರ ಭಾವನಿಗೆ ಇಲ್ಲಿ ವಾಸಿಸುವ ಅನುಮತಿ, ಅಂದರೆ ರೆಸಿಡೆನ್ಶಿಯಲ್ ಪರ್ಮಿಟ್, ಬಂತು.

ಆ ಪರ್ಮಿಟ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಯುರೋಪಿನಲ್ಲಿ. ತಂಗಿ ಅತ್ತೆ ಮನೆ ನೋಡಲು ಹೊರಟಳು. ಜರ್ಮನಿಯಲ್ಲೇ ನೆಲೆಸುವುದಾದರೆ ಸಾಮಾನ್ಯವಾಗಿ ಎ1, ಅಂದರೆ ಮೊದಲ ಮಟ್ಟದ, ಜರ್ಮನ್ ಭಾಷಾ ಪರೀಕ್ಷೆ ಪಾಸಾಗಬೇಕು. ಬೇಸಿಗೆ ರಜೆಗೆ ಹೋಗಿ ಬರುವವಳಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಸಾಕು: 180 ದಿನದಲ್ಲಿ 90 ದಿನ, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅಲ್ಲಿ ಮುಖ್ಯ ಪ್ರಶ್ನೆ, ಈಕೆ ವಾಪಸ್ ಬರುತ್ತಾಳಾ? ಜರ್ಮನ್ ಗಂಡ ಇದ್ದವಳ ಮೇಲೆ ಆ ಅನುಮಾನ ಸಹಜವಾಗಿ ಜಾಸ್ತಿ. ಶಾಲೆಯ ರಜೆ ಪತ್ರ, ಸಂಬಳದ ಚೀಟಿ, ಅಪ್ಪ ಅವಳ ಹೆಸರಿಗೆ ಮಾಡಿದ ತೋಟದ ಪಹಣಿಯ ಇಂಗ್ಲಿಷ್ ಅನುವಾದ, ಜೊತೆಗೆ ಗಂಡನ ಎಕ್ಸ್ ವೀಸಾ ಮತ್ತು ಪರ್ಮಿಟ್ ಪ್ರತಿ, ಇಷ್ಟನ್ನೂ ಜೋಡಿಸಿ ಮೇಲೊಂದು ಪುಟದ ಪತ್ರ ಇಟ್ಟೆ. ‘ನನ್ನ ಗಂಡ ಕುಮಟಾದಲ್ಲಿ ವಾಸವಿದ್ದಾರೆ’ ಅನ್ನುವುದೇ ಅದರ ಮೊದಲ ಸಾಲು.

ವೀಸಾ ಸಿಕ್ಕಿತು. ಆದರೆ ಇಳಿದ ವಿಮಾನ ನಿಲ್ದಾಣದಲ್ಲಿ (ಯಾವುದು ಅಂತ ಬೇಡ) ಭಾವ ಅವರ ಸಾಲಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಆಚೆ ಹೋದರು. ತಂಗಿ ಬೇರೆ ಸಾಲಿನಲ್ಲಿ ನಿಂತಳು. ಎಷ್ಟು ದಿನ, ಎಷ್ಟು ದುಡ್ಡು, ಯಾರ ಮನೆ? ಗಂಡ ಜರ್ಮನಿಯವರು ಅಂದಳು. ಹಾಗಾದರೆ ವಾಪಸ್ ಯಾಕೆ ಹೋಗುತ್ತೀರಿ? ಗಂಡ ಇರುವುದು ಭಾರತದಲ್ಲಿ ಅಂದಳು. ಕೌಂಟರಿನವನಿಗೆ ನಂಬಿಕೆ ಬರಲಿಲ್ಲ. ಪಕ್ಕಕ್ಕೆ ಕೂರಿಸಿದರು. ಸುತ್ತ ಕೂತವರೆಲ್ಲ ನಮ್ಮಂಥ ದೇಶಗಳವರೇ ಅಂದಳು ತಂಗಿ. ಭಾವ ಆಚೆ ಬದಿಯಲ್ಲಿ ನಿಂತು ಕಾಯುತ್ತಿದ್ದರು, ಒಳಗೆ ಬಿಡಲಿಲ್ಲ. ಇನ್ನೊಬ್ಬ ಅಧಿಕಾರಿ ಬಂದು ಫೈಲು ನೋಡಿದರು. ನಮ್ಮ ಪರ್ಮಿಟ್ಟಿನ ಮೇಲಿನ ಕುಮಟಾ ವಿಳಾಸ, ತಂಗಿಯ ಪಾಸ್‌ಪೋರ್ಟಿನ ವಿಳಾಸ, ಮದುವೆ ಸರ್ಟಿಫಿಕೇಟಿನ ವಿಳಾಸ, ಮೂರರ ಮೇಲೂ ಬೆರಳಿಟ್ಟು ಓದಿ ಸೀಲು ಹೊಡೆದರು. ಕ್ಷಮಿಸಿ ಅನ್ನುವ ಮಾತೇನೂ ಇರಲಿಲ್ಲ.

ಅವತ್ತಿಂದ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ: ಫೈಲು ಕೈಚೀಲದಲ್ಲಿ ಇರಲಿ, ದೊಡ್ಡ ಬ್ಯಾಗಿಗೆ ಹಾಕಿ ಕಳಿಸಬೇಡಿ. ಮೊಬೈಲಿನಲ್ಲಿದ್ದರೆ ಸಾಲದು, ಕಾಗದದ ಮೇಲೆ ಇರಲಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಭಾರತಕ್ಕೆ ಬರುವ ವಿದೇಶಿಯರಿಗೂ 2025ರ ಅಕ್ಟೋಬರಿನಿಂದ ಆನ್‌ಲೈನ್ ಇ-ಅರೈವಲ್ ಕಾರ್ಡ್ ಬಂದಿದೆ. ಅದರಲ್ಲಿ ಬರೀ ‘ಗೋಕರ್ಣ’ ಅಂತ ಬರೆಯಬೇಡಿ, ರೂಮಿನ ಪೂರ್ತಿ ವಿಳಾಸ, ಫೋನ್ ನಂಬರ್ ಹಾಕಿ. ಎಕ್ಸ್ ವೀಸಾ ಇದ್ದವರು ವೀಸಾದ ಮೇಲೆ ಅಚ್ಚಾದ ಸಣ್ಣ ಅಕ್ಷರ ಓದಿ. ನೋಂದಣಿ ಕಡ್ಡಾಯ ಅಂತಿದ್ದರೆ ಬಂದ 14 ದಿನದೊಳಗೆ ಮಾಡಿಸಬೇಕು.

ಈಗ ಮುಂದಿನ ಕೆಲಸ ಭಾವನ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್. ಮದುವೆ ನೋಂದಣಿಯಾಗಿ ಎರಡು ವರ್ಷ ಸಂಸಾರ ಮುಂದುವರಿದಿರಬೇಕು, ಭದ್ರತಾ ತನಿಖೆ ಮತ್ತೆ ಆಗುತ್ತದೆ. ಅದು ಬಂದರೆ ಪದೇ ಪದೇ ವೀಸಾ ವಿಸ್ತರಣೆಯ ಕಾಟ ಇಲ್ಲ. ಮದುವೆ ಮುರಿದರೆ ಕಾರ್ಡೂ ರದ್ದಾಗಬಹುದು. ಅಪ್ಪನಿಗೆ ಮಾತ್ರ ಅಳಿಯನ ಹೆಸರಲ್ಲಿ ಸ್ವಲ್ಪ ತೋಟ ಕೊಳ್ಳುವ ಆಸೆ. ಒಸಿಐನವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ ಹೇಳಿದ್ದೇನೆ. ‘ಮತ್ತೆ ಅಷ್ಟೆಲ್ಲ ಕಾಗದ ಯಾಕೆ ಮಾಡಿಸ್ತೀಯಾ?’ ಅಂತ ಕೇಳಿದರು. ಎರಡು ವರ್ಷ ತುಂಬುವುದು ಬರುವ ಮಳೆಗಾಲಕ್ಕೆ, ಅಷ್ಟರೊಳಗೆ ಹಳೆಯ ಪಾಸ್‌ಪೋರ್ಟಿನ ಎಲ್ಲ ಪುಟ ಸ್ಕ್ಯಾನ್ ಮಾಡಿ ಇಡಬೇಕು.