ಟ್ರಮಡಾಲ್ ಬರೆದವನೂ ನಾನೇ, ಬಿಡಿಸಿದವನೂ ನಾನೇ

ಇಳಕಲ್ಲಿನ ನೇಕಾರರ ಓಣಿಯಲ್ಲಿ ದವಾಖಾನೆ ನಡೆಸುವವನಿಗೆ ಸೊಂಟನೋವು ದಿನನಿತ್ಯದ ಮಾತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಬೆಳಗಿನಿಂದ ಸಂಜೆಯವರೆಗೆ ಲಾಳಿಯಾಡಿಸುವವರ ಬೆನ್ನು ಐವತ್ತರ ಹೊತ್ತಿಗೆ ಸೋತಿರುತ್ತದೆ. ಅಂಥ ಒಬ್ಬ ನೇಕಾರರಿಗೆ, ನೋವು ಸೊಂಟದಿಂದ ಪಾದದವರೆಗೆ ಎಳೆಯುತ್ತಿದ್ದುದರಿಂದ, ಅಫೀಮಿನ ಬಳಗದ ನೋವುನಿವಾರಕವಾದ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಕೂಡಿದ ಗುಳಿಗೆಯನ್ನು ದಿನಕ್ಕೆ ಎರಡರಂತೆ ಬರೆದುಕೊಟ್ಟೆ. ಹತ್ತು ದಿನ ಸಾಕೆಂದು ಬಾಯಲ್ಲಿ ಹೇಳಿದೆನೇ ಹೊರತು ಚೀಟಿಯಲ್ಲಿ ಬರೆಯಲಿಲ್ಲ.

ಕೆಲವು ತಿಂಗಳ ನಂತರ ಅವರು ಮಲಬದ್ಧತೆ ಎಂದು ಬಂದಾಗ ಇಸಬ್ಗೋಲ್ ಕೊಟ್ಟು ಕಳಿಸಿದೆ. ಅಫೀಮಿನ ಬಳಗದ ಔಷಧಗಳು ಕರುಳನ್ನು ಮಂದಗೊಳಿಸುತ್ತವೆ ಎಂಬುದು ವೈದ್ಯಕೀಯದ ಎರಡನೇ ವರ್ಷದ ಪಾಠ. ಅದು ಆ ದಿನ ನನಗೆ ಹೊಳೆಯಲೇ ಇಲ್ಲ. ಎಂಟನೇ ತಿಂಗಳಿನಲ್ಲಿ ಅವರ ಹೆಂಡತಿಯೇ ಬಂದು ಹೇಳಿದರು: "ದಿನಾ ಎಂಟ್ ಗುಳಿಗಿ ನುಂಗತಾರ್ರಿ ಸಾಹೇಬ್ರ. ಒಂದಿನ ತಪ್ಪಿದ್ರ ಮೂಗು ಸೋರತೈತಿ, ಬರೇ ಆಕಳಿಸತಾರ, ರಾತ್ರೆಲ್ಲಾ ನಿದ್ದಿ ಇಲ್ಲ." ಎಂಟೆಂದರೆ 300 ಮಿಲಿಗ್ರಾಂ ಟ್ರಮಡಾಲ್, ಆ ಗುಳಿಗೆಯ ದಿನದ ಗರಿಷ್ಠ ಮಿತಿಯೇ ಅದು. ಆಕಳಿಕೆ, ಸೋರುವ ಮೂಗು, ನಿದ್ರೆಗೇಡು ಇವು ಮೈ ಔಷಧಕ್ಕೆ ಒಗ್ಗಿಹೋದುದರ ಗುರುತುಗಳಾಗಿದ್ದರೂ, ಅವರು ನೋವೇ ಮರಳಿತೆಂದು ತಿಳಿದು ಒಂದೊಂದಾಗಿ ಏರಿಸುತ್ತ ಹೋಗಿದ್ದರು.

ಟ್ರಮಡಾಲ್ ಸೌಮ್ಯವಾದುದೆಂಬ ನಂಬಿಕೆ ನನಗೂ ಇತ್ತು. ಅದು ಯಕೃತ್ತಿನಲ್ಲಿ ಇನ್ನೊಂದು ರೂಪ ತಾಳಿದ ಮೇಲೆಯೇ ಅಫೀಮಿನಂತೆ ಬಲವಾಗಿ ಕೆಲಸ ಮಾಡುತ್ತದೆ. ಈ ಮಾರ್ಪಾಡು ಎಲ್ಲರಲ್ಲಿ ಒಂದೇ ಸಮನಾಗಿ ಆಗುವುದಿಲ್ಲವಾದ್ದರಿಂದ, ಒಬ್ಬರಿಗೆ ಸಾಲದ ಪ್ರಮಾಣ ಇನ್ನೊಬ್ಬರ ಉಸಿರನ್ನೇ ಕುಗ್ಗಿಸಬಹುದು. ಸಾರಾಯಿಯೋ ನಿದ್ರೆಗುಳಿಗೆಯೋ ಜೊತೆಗೂಡಿದರೆ ಇದು ಹೆಚ್ಚುತ್ತದೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳೊಂದಿಗೆ ಸೇರಿದರೆ ಫಿಟ್ಸ್ ಬರುವ ಭಯವೂ ಇದೆ.

ಕಾನೂನಿಗೇನೂ ಕೊರತೆಯಿಲ್ಲ. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧ; ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. 2018ರ ಏಪ್ರಿಲ್‌ನಲ್ಲಿ ಇದನ್ನು ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾಯ್ದೆಯಡಿಯೂ ತರಲಾಯಿತು. ಆದರೂ ನನ್ನ ಹಳೆಯ ಚೀಟಿ ಎಂಟು ತಿಂಗಳು ನಡೆಯಿತು. ಔಷಧದಂಗಡಿಯವರನ್ನು ದೂರಲು ನನಗೆ ಬಾಯಿಲ್ಲ, ಏಕೆಂದರೆ ಮುಕ್ತಾಯದ ದಿನಾಂಕವಿಲ್ಲದ ಚೀಟಿ ಕೊಟ್ಟವನು ನಾನು.

ಒಮ್ಮೆಲೇ ನಿಲ್ಲಿಸಿದ್ದರೆ ಅವರು ಎರಡನೇ ದಿನವೇ ಮತ್ತೊಂದು ಅಂಗಡಿ ಹುಡುಕುತ್ತಿದ್ದರು. ಗುಳಿಗೆಯ ಪಟ್ಟಿಗಳನ್ನು ಹೆಂಡತಿಯ ಕೈಗೆ ಒಪ್ಪಿಸಿ, ಎರಡು ವಾರಕ್ಕೊಂದರಂತೆ ಇಳಿಸುತ್ತ ಬಂದೆವು. ಐದರವರೆಗೆ ಸಲೀಸಾಗಿ ಸಾಗಿತು. ಮೂರಕ್ಕೆ ಬಂದಾಗ, "ಇನ್ನ ನನ್ನ ಕೈಲಿ ಆಗೂದಿಲ್ರಿ" ಎಂದು ಎದುರಿಗೆ ಕೂತು ಅತ್ತರು. ಒಂದು ತಿಂಗಳು ಅಲ್ಲಿಯೇ ನಿಂತೆವು. ಹಿಂದಕ್ಕೆ ಏರಿಸಲಿಲ್ಲ, ಗದರಿಸಲೂ ಇಲ್ಲ. ಬಳಿಕ ಅರ್ಧರ್ಧ ಗುಳಿಗೆಯಂತೆ ಇಳಿಸಿ ಪೂರ್ತಿ ಬಿಡುವಷ್ಟರಲ್ಲಿ ಆರು ತಿಂಗಳು ಮೀರಿತ್ತು. ಈ ನಡುವೆ ಒಂದು ದಿನ ಅವರ ಮನೆಗೆ ಹೋಗಿ ಮಗ್ಗದ ಮುಂದೆ ಕೂತು ನೋಡಿದೆ: ಕೂರುವ ಹಲಗೆ ತೀರ ತಗ್ಗಾಗಿತ್ತು. ಅದನ್ನು ನಾಲ್ಕು ಬೆರಳು ಎತ್ತರಿಸಿ, ತಾಸಿಗೊಮ್ಮೆ ಎದ್ದು ನಡೆಯುವ ರೂಢಿ ಮಾಡಿಸಿದೆ. ಈ ಕೆಲಸವನ್ನು ಮೊದಲ ದಿನವೇ ಮಾಡಬಹುದಿತ್ತು.

ಅವರ ನೋವು ಪೂರ್ತಿ ಹೋಗಿಲ್ಲ. ಸೀರೆ ಮುಗಿಯಲು ಮೊದಲಿಗಿಂತ ಎರಡು ದಿನ ಹೆಚ್ಚು ಬೇಕಾಗುತ್ತದೆ. ನಾನು ಈಗ ಟ್ರಮಡಾಲ್ ಬರೆಯುವುದು ಅಪರೂಪ, ಬರೆದರೆ ಐದು ದಿನ, ಅದೂ ಅಂಕಿ ತಿದ್ದಲಾಗದಂತೆ ಅಕ್ಷರದಲ್ಲಿ. ಹಳೆಯ ಚೀಟಿ ಬಂದರೆ ಫೋನ್ ಮಾಡಲು ಓಣಿಯ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ. ಕಳೆದ ವಾರ ಬಂದ ಎರಡು ಫೋನ್‌ಗಳಲ್ಲಿ ಒಂದು, ನಾನೇ ಎರಡು ವರ್ಷದ ಹಿಂದೆ ಬರೆದ ಚೀಟಿಯ ಕುರಿತು.