ಬಾ, ಚಾ, ಚಾಯ್: ಹನೋಯ್‌ನ ಒಂದು ಮೂಲೆಯಲ್ಲಿ ಮೂರು ವಾರ

ವಿಯೆಟ್ನಾಮಿನ ಹನೋಯ್‌ಗೆ ಹೋಗಿದ್ದು ಆಫೀಸ್ ಕೆಲಸಕ್ಕೆ. ಕೆಲಸ ಶುರುವಾಗುತ್ತಿದ್ದುದು ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಿಗ್ಗೆಯೆಲ್ಲ ನನ್ನದೇ. ಮೊದಲೆರಡು ದಿನ ಮ್ಯಾಪ್ ಹಿಡಿದು ಹಳೇ ಪೇಟೆ ಸುತ್ತಿದೆ. ಬೆಳ್ಳಿಗೆ ಹಾಂಗ್ ಬಾಕ್, ತಗಡಿಗೆ ಹಾಂಗ್ ಥಿಯೆಕ್, ಸುಡುವ ಕಾಗದದ ಪೂಜಾ ಸಾಮಾನಿಗೆ ಹಾಂಗ್ ಮಾ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ ಸರಕಿಗೊಂದು ಬೀದಿ. ಫೋನ್ ತುಂಬ ಫೋಟೋ ಆಯ್ತು, ಕಾಲು ನೋವು ಬಂತು. ಒಬ್ಬರ ಮುಖವೂ ನೆನಪಿರಲಿಲ್ಲ. ಮೂರನೇ ದಿನ ತಿರುಗಾಟ ಬಿಟ್ಟು ಒಂದೇ ಮೂಲೆ ಹಿಡಿದು ಕೂತೆ.

ಫುಟ್‌ಪಾತ್ ಮೇಲೆ ಒಬ್ಬ ಅಜ್ಜಿಯ ಚಾ ಅಂಗಡಿ. ಅಂಗಡಿ ಅಂದರೆ ಏನು, ಏಳೆಂಟು ಪ್ಲಾಸ್ಟಿಕ್ ಸ್ಟೂಲು, ಒಂದು ಐಸ್ ಡಬ್ಬ, ಬಿಸಿ ಆರದಿರಲಿ ಅಂತ ಮೆತ್ತೆ ಸುತ್ತಿದ ಬುಟ್ಟಿಯೊಳಗೆ ಟೀ ಪಾತ್ರೆ. ಒಂದು ಜಾಡಿಯಲ್ಲಿ ಕಡಲೆಕಾಯಿ ಚಿಕ್ಕಿ, ಥೇಟ್ ನಮ್ಮದೇ. ತಂಬಾಕು ಸೇದುವವರಿಗೆ ಬಿದಿರಿನ ಕೊಳವೆ ಗೋಡೆಗೆ ಒರಗಿರುತ್ತಿತ್ತು. ಸ್ಟೂಲು ಒಂದಡಿ ಎತ್ತರ ಇದ್ದರೆ ಜಾಸ್ತಿ. ಕೂತರೆ ಮಂಡಿ ಎದೆಗೆ ಬರುತ್ತದೆ.

ಅಜ್ಜಿ ಮೊದಲು ಕೇಳಿದ್ದು ನನ್ನ ವಯಸ್ಸು. ಇದೇನು ತಲೆಹರಟೆ ಅನ್ನಿಸಿತು. ಪಕ್ಕದಲ್ಲಿದ್ದ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅಲ್ಲಿ ಮಾತಾಡುವಾಗ 'ನಾನು', 'ನೀನು' ಅನ್ನುವ ಬದಲು ಅಣ್ಣ, ಅಕ್ಕ, ಅಜ್ಜಿ, ಮೊಮ್ಮಗ ಅಂತಲೇ ಹೇಳುವುದು ರೂಢಿ. ವಯಸ್ಸು ಗೊತ್ತಾಗದೆ ಮಾತೇ ಮುಂದೆ ಹೋಗುವುದಿಲ್ಲ. ನನಗೆ 26, ಅವರು ಎಪ್ಪತ್ತರ ಮೇಲೆ. ಹಾಗಾಗಿ ಅವರು ನನಗೆ 'ಬಾ'. ಬಾ ಅಂದರೆ ಅಜ್ಜಿ. ಟೀಗೆ ಹನೋಯ್ ಜನ 'ಚಾ' ಅನ್ನುತ್ತಾರೆ. ದಿನಾ ಬೆಳಿಗ್ಗೆ "ಬಾ, ಚಾ" ಅಂತ ಕನ್ನಡದಲ್ಲೇ ಕೂಗಿದಂತೆ ಕೂಗುತ್ತಿದ್ದೆ. ರಾಗ ತಪ್ಪಿದರೆ ಅರ್ಥ ತಪ್ಪುವ ಭಾಷೆ ಅದು. ಅಜ್ಜಿ ನಗುತ್ತಲೇ ತಿದ್ದುತ್ತಿದ್ದರು, ನಾನು ಕಲಿಯಲಿಲ್ಲ.

ನೋಟಿನ ಕಥೆ ಹೇಳಲೇಬೇಕು. ಚಾಗೆ 5,000 ಡಾಂಗ್, ನಮ್ಮ ಹದಿನಾರು ರೂಪಾಯಿ ಆಸುಪಾಸು. ಅಲ್ಲಿ 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡರಲ್ಲೂ ಹೊ ಚಿ ಮಿನ್ ಮುಖ. ಒಂದು ದಿನ ನೋಡದೆ ದೊಡ್ಡದನ್ನೇ ಕೊಟ್ಟೆ. ಅಜ್ಜಿ ಡಬ್ಬದಿಂದ ಸಣ್ಣ ನೋಟೊಂದನ್ನು ತೆಗೆದರು. ಎರಡನ್ನೂ ನನ್ನ ಮೂಗಿನ ಹತ್ತಿರ ಹಿಡಿದು ಸೊನ್ನೆಗಳ ಮೇಲೆ ಉಗುರಿನಿಂದ ಕುಟ್ಟಿದರು. ಆಮೇಲೆ ನನ್ನ ನೋಟನ್ನು ಮಡಚಿ ನನ್ನದೇ ಜೇಬಿಗೆ ತುರುಕಿ ಎರಡು ಸಲ ತಟ್ಟಿದರು. ಸಾವಿರದ ಆರುನೂರು ರೂಪಾಯಿ ಉಳಿಯಿತು. ಅಂದಿನಿಂದ ದೊಡ್ಡ ನೋಟುಗಳಿಗೆ ಪ್ಯಾಂಟಿನ ಹಿಂದಿನ ಜೇಬು.

ರಸ್ತೆ ದಾಟುವುದನ್ನೂ ಅಲ್ಲೇ ಕೂತು ಕಲಿತೆ. ನನ್ನದು ಬೆಂಗಳೂರಿನ ಅಭ್ಯಾಸ: ಕೈ ತೋರಿಸು, ಓಡು, ನಡುವೆ ಗಕ್ಕನೆ ನಿಲ್ಲು. ಅಲ್ಲಿ ಇದು ನಡೆಯಲ್ಲ. ಬುಟ್ಟಿಯ ಅಡ್ಡೆ ಹೊತ್ತ ಹೆಂಗಸರನ್ನು ನೋಡಿ. ಒಂದೇ ವೇಗ, ಓಟವಿಲ್ಲ, ಹಿಂದೆ ಹೆಜ್ಜೆ ಇಡುವುದಂತೂ ಇಲ್ಲವೇ ಇಲ್ಲ. ನೀವು ಮುಂದೆ ಎಲ್ಲಿರುತ್ತೀರಿ ಅಂತ ಲೆಕ್ಕ ಹಾಕಿಯೇ ಸ್ಕೂಟರಿನವರು ಪಕ್ಕಕ್ಕೆ ಸರಿಯುತ್ತಾರೆ. ಗಾಬರಿಯಾಗಿ ನಿಂತರೆ ಅವರ ಲೆಕ್ಕ ಕೆಡುತ್ತದೆ. ಕಾರು, ಬಸ್ಸಿಗೆ ಮಾತ್ರ ಈ ಧೈರ್ಯ ಬೇಡ.

ಊಟದ್ದೇ ಕಷ್ಟ. ನಾನು ಸಸ್ಯಾಹಾರಿ, ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳಬಹುದು. ದಾರಿ ತೋರಿಸಿದ್ದು ಹುಣ್ಣಿಮೆ. ಅವರ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬಹಳ ಜನ ಮಾಂಸ ಬಿಡುತ್ತಾರೆ. ಆ ಊಟಕ್ಕೆ 'ಚಾಯ್' ಅಂತ ಹೆಸರು. ಆ ಬೆಳಿಗ್ಗೆ ಫುಟ್‌ಪಾತಿನಲ್ಲಿ ತಗಡಿನ ಡಬ್ಬಗಳೊಳಗೆ ಕಾಗದದ ನೋಟು ಸುಡುತ್ತಿದ್ದರು, ಹಿರಿಯರಿಗೆ ತಲುಪಲಿ ಅಂತ. ಅಜ್ಜಿ ತೋರಿಸಿದ ಚಾಯ್ ಅಂಗಡಿಯಲ್ಲಿ ತೋಫು, ಅಣಬೆ, ಅನ್ನ. ಮಿಕ್ಕ ದಿನವೂ ಅಲ್ಲೇ ತಿಂದೆ.

ಕೊನೆಯ ವಾರ ಒಂದು ಬೆಳಿಗ್ಗೆ ಬೀದಿ ತುದಿಯಲ್ಲಿ ಯಾರೋ ಕೂಗಿದರು. ಫುಟ್‌ಪಾತ್ ತೆರವು ಮಾಡಿಸುವ ಗಾಡಿ. ಮಾತಿಲ್ಲದೆ ಎಲ್ಲರೂ ಎದ್ದರು. ಅಜ್ಜಿ ಬುಟ್ಟಿ ಎತ್ತಿದರು, ಯಾರೋ ಐಸ್ ಡಬ್ಬ ಎಳೆದರು. ನಾನೂ ನನ್ನ ಸ್ಟೂಲು, ಗ್ಲಾಸು ಹಿಡಿದು ಅವರ ಹಿಂದೆ ಓಣಿಯೊಳಗೆ ಓಡಿದೆ. ಗಾಡಿ ಹೋಯಿತು. ವಾಪಸ್ ಬಂದು ಅದೇ ಜಾಗದಲ್ಲಿ ಕೂತೆವು. ಗ್ಲಾಸಿನಲ್ಲಿ ಐಸ್ ಇನ್ನೂ ಕರಗಿರಲಿಲ್ಲ.