ಹಳೇ ಕಾರಿಗೆ ಟೈಮಿಂಗ್ ಕೂರಿಸುವುದು: ಬಲ್ಬು ಮೊದಲು, ಟೈಮಿಂಗ್ ಲೈಟು ಆಮೇಲೆ

ಟೈಮಿಂಗ್ ಎಂದರೆ ಪಿಸ್ಟನ್ ಎಲ್ಲಿರುವಾಗ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು ಎಂಬ ಲೆಕ್ಕ. ನನ್ನ ಹತ್ತಿರ ಇರುವುದು ಮಾರಿಸ್ ಮೈನರ್ 1000. 948 ಸಿಸಿ, ನಾಲ್ಕು ಸಿಲಿಂಡರ್, 12 ವೋಲ್ಟ್. ಮಂಡ್ಯದಲ್ಲಿರುವ ನಮ್ಮ ಭಾವನ ಹತ್ತಿರ 1940ರ ದಶಕದ ಪ್ಲಿಮತ್ ಇದೆ. ಆರು ಸಿಲಿಂಡರ್, 6 ವೋಲ್ಟ್. ಒಂದು ಇಂಗ್ಲೆಂಡಿನದು, ಇನ್ನೊಂದು ಅಮೆರಿಕದ್ದು. ಆದರೂ ಎರಡರಲ್ಲೂ ಬ್ಯಾಟರಿಯ ಪ್ಲಸ್ಸು ಕಾರಿನ ಲೋಹದ ಬಾಡಿಗೆ ಸೇರಿದೆ, ಅದೇ ಪ್ಲಸ್ ಅರ್ತ್. ಈಗಿನ ಎಲ್ಲ ಗಾಡಿಗಳಲ್ಲಿ ಬಾಡಿಗೆ ಹೋಗುವುದು ಮೈನಸ್ಸು. ಟೈಮಿಂಗ್ ಲೈಟು (ಒಂದನೇ ಪ್ಲಗ್ಗಿನ ಪ್ರತಿ ಕಿಡಿಗೂ ಮಿಂಚುವ ದೀಪ), ಡ್ವೆಲ್ ಮೀಟರು, ಎಲ್‌ಇಡಿ ಟೆಸ್ಟರು, ಈಗ ಅಂಗಡಿಯಲ್ಲಿ ಸಿಗುವ ಇವೆಲ್ಲ ಮೈನಸ್ ಅರ್ತು, 12 ವೋಲ್ಟು ಎಂದು ನಂಬಿಕೊಂಡೇ ತಯಾರಾಗಿರುತ್ತವೆ. ಹಳೇ ಕಾರಿನ ಟೈಮಿಂಗ್ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಮೈಸೂರಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಸಾಕಷ್ಟು ಜನ ಇದ್ದಾರೆ. ಪಾಯಿಂಟ್ ಬಿಚ್ಚಿ ಟೈಮಿಂಗ್ ಕೂರಿಸಬಲ್ಲ ಮೇಸ್ತ್ರಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ನಾನೇ ಕೂತು ಕಲಿತೆ. ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಯಿಂಟು, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಚಿಕ್ಕ ಸ್ವಿಚ್ಚು; ಅದು ಬಿಟ್ಟಾಗ ಕಾಯಿಲಿನ ಕರೆಂಟು ಕಡಿದು ಕಿಡಿ ಹುಟ್ಟುತ್ತದೆ. ಟೈಮಿಂಗ್ ಮುಟ್ಟುವ ಮುಂಚೆ ಪಾಯಿಂಟ್ ಗ್ಯಾಪ್ ಸರಿಯಾಗಿರಲೇಬೇಕು. ಗ್ಯಾಪ್ ಜಾಸ್ತಿಯಾದರೆ ಪಾಯಿಂಟು ಬೇಗ ಬಿಡುತ್ತದೆ, ಟೈಮಿಂಗ್ ಅಡ್ವಾನ್ಸ್ ಆಗುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ. ಕಡಿಮೆಯಾದರೆ ರಿಟಾರ್ಡ್, ಅಂದರೆ ತಡವಾಗಿ. ಟೈಮಿಂಗ್ ಕೂರಿಸಿ ಆಮೇಲೆ ಗ್ಯಾಪ್ ಸರಿ ಮಾಡಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಮೈನರಿನ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ ಗ್ಯಾಪ್ 0.014ರಿಂದ 0.016 ಇಂಚು, ಅಂದರೆ ಸುಮಾರು 0.35ರಿಂದ 0.40 ಮಿಲಿಮೀಟರ್. ಪ್ಲಿಮತ್‌ಗೆ 0.020 ಇಂಚು.

ಫೀಲರ್ ಗೇಜ್ ಹಾಕುವಾಗ ಪಾಯಿಂಟಿನ ಮುಖವನ್ನು ಟಾರ್ಚ್ ಹಿಡಿದು ನೋಡಿ. ಓಡಿದ ಪಾಯಿಂಟಿನಲ್ಲಿ ಒಂದು ಕಡೆ ಸಣ್ಣ ಗುಬುಟು, ಎದುರು ಕಡೆ ಅದಕ್ಕೆ ಸರಿಯಾಗಿ ಗುಳಿ ಆಗಿರುತ್ತದೆ. ಗೇಜಿನ ಪಟ್ಟಿ ಗುಬುಟಿನ ಮೇಲೆ ಕೂರುತ್ತದೆ, ಗುಳಿಯ ಆಳ ಅದಕ್ಕೆ ಗೊತ್ತಾಗುವುದಿಲ್ಲ. ಗೇಜು 0.015 ಎಂದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ. ಹಾಗಿದ್ದರೆ ಸಣ್ಣ ಅರದಲ್ಲಿ ಗುಬುಟನ್ನು ಸವರಿ ಸಮ ಮಾಡುತ್ತೇನೆ. ತುಂಬಾ ತಿಂದಿದ್ದರೆ ಹೊಸದು ಹಾಕುತ್ತೇನೆ. ಪಾಯಿಂಟು ಪದೇ ಪದೇ ಹೀಗೆ ಸುಡುತ್ತಿದ್ದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ನೋಡಬೇಕು. ಪಾಯಿಂಟನ್ನು ತಳ್ಳಿ ಬಿಡಿಸುವ ಕ್ಯಾಮಿಗೆ ಒಂದು ಚೂರು ಗ್ರೀಸ್ ಹಚ್ಚುವುದನ್ನು ಮರೆಯಬಾರದು. ಇಲ್ಲದಿದ್ದರೆ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ತಾನಾಗಿ ಮುಚ್ಚಿಕೊಳ್ಳುತ್ತಾ ಹೋಗುತ್ತದೆ.

ಪಾಯಿಂಟು ಎಷ್ಟು ಡಿಗ್ರಿ ಕೂಡಿರುತ್ತದೆ ಎಂದು ತೋರಿಸುವ ಡ್ವೆಲ್ ಮೀಟರ್ ಇದ್ದರೆ ಈ ಗುಬುಟು-ಗುಳಿಯ ತಲೆನೋವಿಲ್ಲ. ಲೂಕಾಸಿನ ನಾಲ್ಕು ಸಿಲಿಂಡರ್ ಡಿಸ್ಟ್ರಿಬ್ಯೂಟರಿಗೆ 60 ಡಿಗ್ರಿ ಆಸುಪಾಸು ಬರಬೇಕು. ಆದರೆ ಪ್ಲಸ್ ಅರ್ತ್ ಕಾರಿನಲ್ಲಿ ಮೀಟರಿನ ವೈರು ಅದಲುಬದಲು ಆಗಬೇಕು. ಕೆಂಪು ಬಾಡಿಗೆ, ಕಪ್ಪು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೆ.

ಈಗ ಬಲ್ಬಿನ ಕೆಲಸ. ಟೈಮಿಂಗಿನ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೇಕಾಗಿರುವುದು ಹೋಲ್ಡರಿನಲ್ಲಿ ಕೂರಿಸಿದ 5 ವ್ಯಾಟಿನ ಒಂದು ಬಲ್ಬು, ಎರಡು ವೈರು, ಎರಡು ಮೊಸಳೆ ಕ್ಲಿಪ್ಪು. 12 ವೋಲ್ಟಿನ ಕಾರಿಗೆ 12 ವೋಲ್ಟಿನ ಬಲ್ಬು, 6ರದ್ದಕ್ಕೆ 6ರದ್ದೇ. ತಂತಿ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಹಂಗಿಲ್ಲ, ಯಾವ ಕಡೆಯಿಂದ ಕರೆಂಟ್ ಬಂದರೂ ಉರಿಯುತ್ತದೆ. ಎಲ್‌ಇಡಿ ಟೆಸ್ಟರ್ ಹಾಗಲ್ಲ. ತಿರುಗಾಮುರುಗಾ ಕೊಟ್ಟರೆ ಉರಿಯುವುದೇ ಇಲ್ಲ, ನಾವು ಸುಮ್ನೆ ಕಾಯಿಲನ್ನು ಅನುಮಾನಿಸುತ್ತಾ ಕೂರುತ್ತೇವೆ.

ಮೈನರಿನಲ್ಲಿ ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ಅದರ ಪ್ಲಗ್ಗು ಬಿಚ್ಚಿ, ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಇನ್ನೊಬ್ಬರಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸಲು ಹೇಳಿ. ಬೆರಳನ್ನು ಗಾಳಿ ತಳ್ಳಿದರೆ ಅದೇ ಕಂಪ್ರೆಶನ್. ಅಲ್ಲಿಂದ ಮೆಲ್ಲಗೆ ತಿರುಗಿಸುತ್ತಾ ಪುಲ್ಲಿಯ ಅಂಚಿನ ಕಚ್ಚನ್ನು ಕಾರಿನ ಪುಸ್ತಕ ಹೇಳುವ ಡಿಗ್ರಿಯ ಗುರುತಿಗೆ ತರಬೇಕು. ಗುರುತುಗಳು ಟೈಮಿಂಗ್ ಚೈನ್ ಕವರಿನ ತಳದಲ್ಲಿ ಹಲ್ಲಿನ ಹಾಗೆ ಇವೆ. ಉದ್ದದ್ದು ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬಂದ ಜಾಗ), ಗಿಡ್ಡವು ಅದಕ್ಕೆ 5 ಮತ್ತು 10 ಡಿಗ್ರಿ ಮುಂಚಿನವು. ಕೆಳಗೆ ಬಗ್ಗಿ ನೋಡಬೇಕು, ಆಯಿಲ್ ಮತ್ತು ಧೂಳು ಸೇರಿ ಏನೂ ಕಾಣಿಸುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಪುಲ್ಲಿಯ ಕಚ್ಚಿಗೂ ಹಲ್ಲಿನ ತುದಿಗೂ ಸುಣ್ಣ ಹಚ್ಚಿಕೊಳ್ಳುತ್ತೇನೆ. ಎಲೆಅಡಿಕೆ ಸುಣ್ಣ ಸಾಕು, ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಗುರುತು ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಹೊಂದಿಸಬೇಡಿ. ಚೈನು, ಗೇರುಗಳ ಸಡಿಲವೆಲ್ಲ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಮತ್ತೆ ಎರಡು ಸುತ್ತು ಮುಂದಕ್ಕೇ ತನ್ನಿ.

ಬಲ್ಬಿನ ಒಂದು ಕ್ಲಿಪ್ಪು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್ಲಿಗೆ, ಇನ್ನೊಂದು ಇಂಜಿನ್ನಿಗೆ. ಬೀಗದ ಕೈ ಆನ್. ಪಾಯಿಂಟು ಕೂಡಿದ್ದರೆ ಬಲ್ಬು ಆರಿರುತ್ತದೆ, ಬಿಟ್ಟ ಕ್ಷಣ ಹತ್ತುತ್ತದೆ. ಡಿಸ್ಟ್ರಿಬ್ಯೂಟರಿನ ಹಿಡಿತದ ಬೋಲ್ಟು ಸಡಿಲಿಸಿ, ಇಡೀ ಡಿಸ್ಟ್ರಿಬ್ಯೂಟರನ್ನು ಒಳಗಿನ ರೋಟರ್ (ಕಿಡಿ ಹಂಚುವ ತೋಳು) ಸುತ್ತುವ ದಿಕ್ಕಿಗೆ, ಅಂದರೆ ಮೈನರಿನಲ್ಲಿ ಗಡಿಯಾರಕ್ಕೆ ವಿರುದ್ಧವಾಗಿ, ಬಲ್ಬು ಆರುವವರೆಗೆ ತಿರುಗಿಸಿ. ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುತ್ತಾ ಬನ್ನಿ. ಬಲ್ಬು ಹತ್ತಿದ ಕಡೆ ನಿಲ್ಲಿಸಿ ಬಿಗಿ ಮಾಡಿ. ಈ ಹೊತ್ತಿನಲ್ಲಿ ರೋಟರನ್ನು ಅದು ಸುತ್ತುವ ದಿಕ್ಕಿಗೆ ಎದುರಾಗಿ ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದಿರಬೇಕು, ಆಗ ಶಾಫ್ಟಿನ ಆಟ ತಪ್ಪುತ್ತದೆ. ಬಿಗಿ ಮಾಡುವಾಗ ಒಂದಿಷ್ಟು ಜರುಗುವುದುಂಟು. ಅದಕ್ಕೆ ಹ್ಯಾಂಡಲಿನಲ್ಲಿ ಪೂರ್ತಿ ಎರಡು ಸುತ್ತು ಮುಂದಕ್ಕೆ ತಿರುಗಿಸಿ, ಗುರುತಿಗೆ ಬಂದಾಗಲೇ ಬಲ್ಬು ಹತ್ತುತ್ತದೆಯೇ ಎಂದು ಮತ್ತೆ ನೋಡುತ್ತೇನೆ. ನಡುವೆ ಟೀ ಕುಡಿಯಲು ಎದ್ದರೆ ಬೀಗದ ಕೈ ಆಫ್ ಮಾಡಿ ಹೋಗಿ. ಪಾಯಿಂಟು ಕೂಡಿದ್ದಾಗ ಕರೆಂಟು ಹರಿಯುತ್ತಲೇ ಇರುತ್ತದೆ, ಕಾಯಿಲು ಕಾದು ಹೋಗುತ್ತದೆ.

ಇನ್ನು ಟೈಮಿಂಗ್ ಲೈಟು. ಬಲ್ಬು ಹೇಳದ ಒಂದು ಸಂಗತಿಯನ್ನು ಇದು ಹೇಳುತ್ತದೆ: ಇಂಜಿನ್ ಓಡುವಾಗ ಅಡ್ವಾನ್ಸ್ ಹೇಗೆ ಹೋಗುತ್ತಿದೆ ಎಂಬುದನ್ನು. ಡಿಸ್ಟ್ರಿಬ್ಯೂಟರಿನ ಒಳಗೆ ಎರಡು ಚಿಕ್ಕ ತೂಕಗಳು, ಎರಡು ಸ್ಪ್ರಿಂಗು. ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಅಗಲಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಈ ತೂಕಗಳು ಜಿಡ್ಡು ಹಿಡಿದು ಅಂಟಿಕೊಂಡಿದ್ದರೂ ನಿಂತ ಇಂಜಿನ್ನಿನಲ್ಲಿ ಬಲ್ಬು ಸರಿಯಾಗೇ ಹತ್ತುತ್ತದೆ.

ಆದರೆ ಆ ಲೈಟಿಗೆ ಕರೆಂಟು ಎಲ್ಲಿಂದ ಕೊಡುತ್ತೀರಿ? ವರ್ಕ್‌ಶಾಪಿನ ಹುಡುಗರಿಗೆ ಕಪ್ಪು ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿಯೇ ಅಭ್ಯಾಸ. ಪ್ಲಸ್ ಅರ್ತ್ ಕಾರಿನಲ್ಲಿ ಹಾಗೆ ಮಾಡಿದರೆ ಲೈಟಿಗೆ ಉಲ್ಟಾ ಕರೆಂಟು. ಒಂದು ಸಲ ನನ್ನ ಕಣ್ಣೆದುರೇ ಒಬ್ಬ ಹುಡುಗನ ಹೊಸ ಲೈಟು ಹೀಗೆ ಹೋಯಿತು. ಪಾಪ, ಸ್ವಂತ ದುಡ್ಡಿನಲ್ಲಿ ತಂದಿದ್ದ. ಕೆಂಪು ಯಾವತ್ತೂ ಬ್ಯಾಟರಿಯ ಪ್ಲಸ್ಸಿಗೇ, ಆ ಪ್ಲಸ್ಸು ಬಾಡಿಗೆ ಸೇರಿದ್ದರೂ ಸರಿ. ಇನ್ನು ಈ ಕಾರುಗಳಲ್ಲಿ ಆಲ್ಟರ್ನೇಟರ್ ಇಲ್ಲ, ಡೈನಮೋ. ಇಂಜಿನ್ ನಿಧಾನಕ್ಕೆ ಓಡುವಾಗ ಡೈನಮೋ ಚಾರ್ಜ್ ಕೊಡುವುದಿಲ್ಲ, ಟೈಮಿಂಗ್ ನೋಡುವುದೋ ಆ ನಿಧಾನದಲ್ಲೇ. 6 ವೋಲ್ಟಿನ ಪ್ಲಿಮತ್ ವಿಷಯ ಕೇಳಲೇಬೇಡಿ, 12 ವೋಲ್ಟಿನ ಲೈಟು ಅದರಲ್ಲಿ ಮಿಂಚುವುದೇ ಇಲ್ಲ.

ನಾನು ಮಾಡುವುದು ಇಷ್ಟೆ. ಕಂಪ್ಯೂಟರಿನ ಯುಪಿಎಸ್ಸಿಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರಿನ ಚಿಕ್ಕ ಬ್ಯಾಟರಿಯನ್ನು ಮರದ ಸ್ಟೂಲಿನ ಮೇಲೆ ಇಟ್ಟು, ಲೈಟಿನ ಕೆಂಪು ಕಪ್ಪು ಎರಡನ್ನೂ ಅದಕ್ಕೇ ಕೊಡುತ್ತೇನೆ. ಬೈಕಿನ ಬ್ಯಾಟರಿಯಾದರೂ ಆದೀತು. ಕಾರಿನ ವೈರಿಂಗಿಗೂ ಈ ಬ್ಯಾಟರಿಗೂ ಯಾವ ಸಂಬಂಧವೂ ಇರಕೂಡದು. ಒಂದನೇ ಪ್ಲಗ್ಗಿನ ದಪ್ಪ ವೈರಿಗೆ ಹಿಡಿಸುವ ಕ್ಲಾಂಪು ವೈರಿನೊಳಗಿನ ತಾಮ್ರವನ್ನು ಮುಟ್ಟುವುದಿಲ್ಲ, ಹೊರಗಿನಿಂದಲೇ ಕಿಡಿಯ ಸುಳಿವು ಹಿಡಿಯುತ್ತದೆ. ಅದಕ್ಕೇ 6 ವೋಲ್ಟ್ ಆಗಲಿ, ಪ್ಲಸ್ ಅರ್ತ್ ಆಗಲಿ, ಲೈಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಕ್ಲಾಂಪಿನ ಮೇಲಿನ ಬಾಣ ಪ್ಲಗ್ಗಿನ ಕಡೆ ಇರಲಿ. ಲೈಟು ಕೊಳ್ಳುವುದಾದರೆ ಸಾದಾ ಲೈಟೇ ತೆಗೆದುಕೊಳ್ಳಿ. ಬೆನ್ನ ಮೇಲೆ ಡಿಗ್ರಿ ತಿರುಗಿಸುವ ಗುಂಡಿ ಇರುವ ಡಿಜಿಟಲ್ ಲೈಟುಗಳು ಹಳೇ ತಾಮ್ರದ ಪ್ಲಗ್ ವೈರಿನ ವಿದ್ಯುತ್ ಗದ್ದಲಕ್ಕೆ ತಬ್ಬಿಬ್ಬಾಗಿ ಅಡ್ಡಾದಿಡ್ಡಿ ಮಿಂಚುವುದನ್ನು ನೋಡಿದ್ದೇನೆ.

ಕಾರ್ಬ್ಯುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪು ಬಿಚ್ಚಿ ಅದರ ತುದಿ ಮುಚ್ಚಿ, ಇಂಜಿನ್ನನ್ನು ಆದಷ್ಟು ನಿಧಾನಕ್ಕೆ ಇಳಿಸಿ, ಸಂಜೆ ಬೆಳಕು ಕಮ್ಮಿಯಾದ ಮೇಲೆ ಲೈಟು ಹಿಡಿಯುತ್ತೇನೆ. ಸುಣ್ಣದ ಗುರುತು ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಎಚ್ಚರ, ಫ್ಯಾನೂ ಹಾಗೆಯೇ ನಿಂತಂತೆ ಕಾಣಬಹುದು. ಅದು ನಿಂತಿಲ್ಲ! ಪಂಚೆ, ಟವಲು, ಸಡಿಲ ತೋಳಿನ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಆಮೇಲೆ ಆಕ್ಸಿಲರೇಟರ್ ಮೆಲ್ಲಗೆ ಕೊಟ್ಟಂತೆ ಗುರುತು ಅಡ್ವಾನ್ಸ್ ಕಡೆಗೆ ನುಣ್ಣಗೆ ಸರಿಯಬೇಕು, ಬಿಟ್ಟಂತೆ ಹಾಗೇ ವಾಪಸ್ ಬರಬೇಕು. ಜಿಗಿದರೆ, ಅಲುಗಾಡಿದರೆ, ವಾಪಸ್ ಬರದೆ ಉಳಿದರೆ ತೂಕ, ಸ್ಪ್ರಿಂಗು, ಇಲ್ಲವೇ ಶಾಫ್ಟಿನ ಬುಶ್ ನೋಡಬೇಕು.

ಮಂಡ್ಯದ ಪ್ಲಿಮತ್‌ಗೂ ಇದೇ ಕ್ರಮ. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-5-3-6-2-4, ಗುರುತು ಮುಂದಿನ ಪುಲ್ಲಿಯ ಮೇಲೆ. ಆದರೆ ಅಲ್ಲಿ ನಿಜವಾದ ತೊಂದರೆ ಟೈಮಿಂಗಿನಲ್ಲಿ ಇರಲಿಲ್ಲ.

“ಏನಪ್ಪಾ, ಟೈಮಿಂಗ್ ಸರಿ ಅಂತೀಯ, ಬಿಸಿಯಾದ ಮೇಲೆ ಸ್ಟಾರ್ಟೇ ಆಗಲ್ವಲ್ಲ?” ಎಂದರು ಭಾವ.

“ಕೇಬಲ್ ನೋಡೋಣ ಇರಿ ಭಾವ” ಎಂದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಯಾರೋ ಈಗಿನ ಕಾರಿನ ಕೇಬಲ್ ಹಾಕಿದ್ದರು. 6 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ ಎರಡು ಪಟ್ಟು ಆಂಪಿಯರ್ ಹರಿಯಬೇಕು, ಆ ತೆಳು ಕೇಬಲ್ ಅದನ್ನು ತಡೆಯುವುದಿಲ್ಲ. ವೋಲ್ಟ್ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಸ್ಟಾರ್ಟರ್ ಹೊಡೆದರೆ ಅರ್ತ್ ಕಡೆ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಗೊತ್ತಾಗುತ್ತದೆ. 12ರಲ್ಲಿ ಅರ್ಧ ವೋಲ್ಟ್ ಹೋದರೆ ಇಪ್ಪತ್ನಾಲ್ಕರಲ್ಲಿ ಒಂದು ಪಾಲು, 6ರಲ್ಲಿ ಹೋದರೆ ಹನ್ನೆರಡರಲ್ಲಿ ಒಂದು ಪಾಲು. ಸ್ಟಾರ್ಟರ್ ಎಳೆದುಕೊಂಡು ಉಳಿದದ್ದೇ ಕಾಯಿಲಿಗೆ. ದಪ್ಪ ಕೇಬಲ್ ಹಾಕಿ, ಅರ್ತಿನ ಜಾಗದ ಪೇಂಟ್ ಕೆರೆದು ಲೋಹ ಕಾಣಿಸಿ ಬಿಗಿ ಮಾಡಿದೆವು. 12 ವೋಲ್ಟಿಗೆ ಬದಲಾಯಿಸಿಬಿಡಿ ಎಂದು ಹೇಳಿದವರು ಬೇಕಾದಷ್ಟು ಜನ. ನಾನು ಬೇಡವೆಂದೆ. ಗಟ್ಟಿ ಕೇಬಲ್, ಚೊಕ್ಕಟ ಅರ್ತ್ ಇದ್ದರೆ 6 ವೋಲ್ಟ್ ಚೆನ್ನಾಗಿಯೇ ಓಡುತ್ತದೆ.

ಕಾಯಿಲನ್ನೂ ಅದೇ ದಿನ ನೋಡಿದೆವು. ಹೊಸ ಕಾಯಿಲಿನ ಮೇಲೆ ಪ್ಲಸ್ಸು ಮೈನಸ್ಸು ಬರೆದಿರುತ್ತದೆ. ಪ್ಲಸ್ ಅರ್ತ್ ಕಾರಿನಲ್ಲಿ ಕಾಯಿಲಿನ ಪ್ಲಸ್ಸು ಡಿಸ್ಟ್ರಿಬ್ಯೂಟರ್ ಕಡೆಗೆ, ಮೈನಸ್ಸು ಸ್ವಿಚ್ಚಿನ ಕಡೆಗೆ ಹೋಗಬೇಕು. ಉಲ್ಟಾ ಇದ್ದರೂ ಇಂಜಿನ್ ಓಡುತ್ತದೆ, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಭಾರ ಬಿದ್ದಾಗ ಮಿಸ್ಸಿಂಗ್ ಶುರು.

ಪುಸ್ತಕದ ಡಿಗ್ರಿಯ ಬಗ್ಗೆಯೂ ಒಂದು ಮಾತು. ಅದನ್ನು ಬರೆದದ್ದು ಆಗಿನ ಪೆಟ್ರೋಲಿಗೆ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆಸಿದ್ದು. ಮಂಡ್ಯದ ಕಡೆಯವರಿಗೆ ಕಬ್ಬಿನಿಂದ ಎಥನಾಲ್ ಬರುವುದನ್ನು ಹೇಳಿಕೊಡಬೇಕಾಗಿಲ್ಲ. ಅದರ ಆಕ್ಟೇನ್ ಜಾಸ್ತಿ, ಆದರೆ ಹಳೇ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಾಗಾಗಿ ಪುಸ್ತಕದ ಗುರುತಿನಿಂದ ಶುರು ಮಾಡಿ ರಸ್ತೆಯಲ್ಲಿ ಮುಗಿಸುತ್ತೇನೆ.

ಮೈಸೂರಿನಲ್ಲಿ ಅದಕ್ಕೆ ಚಾಮುಂಡಿ ಬೆಟ್ಟದ ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಬೆಳಗ್ಗೆ ವಾಹನ ಕಡಿಮೆ ಇರುವಾಗ, ಮೂರನೇ ಗೇರಿನಲ್ಲಿ ಏರು ಹತ್ತಿಸುತ್ತಾ ಆಕ್ಸಿಲರೇಟರ್ ಒತ್ತಿ ಕಿಟಕಿ ಇಳಿಸಿ ಕೇಳಬೇಕು. ಟಿಣ್ ಟಿಣ್ ಎಂದು ಇಂಜಿನ್ ನಾಕ್ ಹೊಡೆದರೆ ಅಡ್ವಾನ್ಸ್ ಜಾಸ್ತಿ. ಸದ್ದಿಲ್ಲ, ಆದರೆ ಎಳೆತವೂ ಇಲ್ಲ, ಬೇಗ ಬಿಸಿಯೇರುತ್ತದೆ ಎಂದರೆ ರಿಟಾರ್ಡ್ ಆಗಿದೆ. ಮೈನರಿನ ಡಿಸ್ಟ್ರಿಬ್ಯೂಟರಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಗುಬುಟು ನಟ್ಟಿದೆ, ಪಕ್ಕದಲ್ಲಿ ಎ (ಅಡ್ವಾನ್ಸ್) ಮತ್ತು ಆರ್ (ರಿಟಾರ್ಡ್) ಎಂದು ಬರೆದಿದೆ. ಬೆರಳಲ್ಲೇ ತಿರುಗುತ್ತದೆ, ಟಿಕ್ ಟಿಕ್ ಎನ್ನುತ್ತದೆ. ಸುಮಾರು 11 ಟಿಕ್ ಸೇರಿದರೆ 1 ಡಿಗ್ರಿ. ನಂದಿಗೆ ತಿರುಗುವ ದಾರಿಯ ಹತ್ತಿರ ಬದಿಗೆ ನಿಲ್ಲಿಸಿ, ನಾಕ್ ಇದ್ದರೆ ಆರ್ ಕಡೆಗೆ ಐದಾರು ಟಿಕ್ ತಿರುಗಿಸಿ ಮತ್ತೆ ಹತ್ತಿಸಿ ನೋಡುತ್ತೇನೆ. ಗಾಡಿ ಚೆನ್ನಾಗಿ ಎಳೆದು, ಪೂರ್ತಿ ಒತ್ತಿದಾಗ ಮಾತ್ರ ಒಂದೇ ಒಂದು ಚೂರು ಟಿಣ್ ಎಂದು ತಕ್ಷಣ ನಿಂತರೆ ಅಲ್ಲಿಂದ ಎರಡು ಮೂರು ಟಿಕ್ ಆರ್ ಕಡೆಗೆ ತಂದು ಬಿಡುತ್ತೇನೆ. ಮನೆಗೆ ಬಂದು ಇನ್ನೊಮ್ಮೆ ಲೈಟು ಹಿಡಿದು, ಪುಲ್ಲಿಯ ಗುರುತು ಈಗ ಎಲ್ಲಿದೆಯೋ ಆ ಡಿಗ್ರಿಯನ್ನು ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ಪಾಯಿಂಟು ಬದಲಾಯಿಸಿದಾಗ ಬಲ್ಬನ್ನು ನೇರವಾಗಿ ಆ ಗುರುತಿಗೇ ಹತ್ತಿಸಬಹುದು.